ಸೋಸಿದ ನೀರಿಗೊಂದು ರಿಬ್ಬನ್

ಯೂನಿಸ್ ಕೋವಾಚ್ ಮೊದಲ ಭೇಟಿಯಲ್ಲೇ ಆರ್ಲೋ ಬನಾಸ್ಯಾಕ್‌ನ ಬೂಟಿನ ಮೇಲೆ ವಾಂತಿ ಮಾಡಿಕೊಂಡಳು. ಪ್ರೇಮಕ್ಕೆ ಇದು ಶುಭಾರಂಭವೇನಲ್ಲ. ಆದರೆ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಈರಿ ಸರೋವರದ ಪಶ್ಚಿಮ ದಡದಲ್ಲಿ ನಿಂತವರಿಗೆ ಶುಭ ಎಲ್ಲಿಂದ ಸಿಗಬೇಕು?

ನೀರು ಹಸಿರಾಗಿತ್ತು. ಕಣ್ಣಿಗೆ ತಂಪು ಕೊಡುವ ಹಸಿರಲ್ಲ. ದೋಣಿಗಳ ಹೊಟ್ಟೆಗೆ ಮೆತ್ತಿಕೊಂಡು, ದಡಕ್ಕೆ ಬಂದು ಕೆನೆಗಟ್ಟಿ, ಬಿಸಿಲಿಗೆ ಕೊಳೆತು ನೀಲಿಗೆ ತಿರುಗುವ ಹಸಿರು. ಅದರ ನಾತವನ್ನು ವರ್ಣಿಸುವುದೇ ಒಂದು ಶಿಕ್ಷೆ. ಕೊಳೆತ ಎಲೆಕೋಸು, ಸತ್ತ ಮೀನು, ಹಂದಿಗೂಡಿನ ಕಸ, ಮೂರನ್ನೂ ಒಂದೇ ಚೀಲಕ್ಕೆ ತುಂಬಿ ಬಿಸಿಲಲ್ಲಿ ನಿಂತ ಕಾರಿನೊಳಗೆ ಮರೆತು ಹೋದರೆ ಹೇಗಿರುತ್ತದೋ ಹಾಗೆ. ಊರಿನವರು ಅದನ್ನು ಪಾಚಿ ಎನ್ನುತ್ತಾರೆ. ಅದು ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ. ಲಿವರನ್ನು ಕೆಡಿಸುವ ವಿಷವನ್ನು ಒಡಲಲ್ಲಿ ಇಟ್ಟುಕೊಂಡು ಆರಾಮಾಗಿ ತೇಲುವ ಸೂಕ್ಷ್ಮಜೀವಿ. ಅದನ್ನು ಕೊಲ್ಲುವುದೇ ಯೂನಿಸ್‌ಳ ಕೆಲಸ.

ಅವಳು ಹತ್ತಿರದ ಟೊಲೀಡೊದಲ್ಲೇ ಹುಟ್ಟಿ ಬೆಳೆದವಳು. ಆದರೂ ಆ ಮೂಗು ಮಾತ್ರ ಊರಿಗೆ ಒಗ್ಗಿರಲಿಲ್ಲ. ಲ್ಯಾಬಿನೊಳಗೆ ಎರಡೆರಡು ಜೊತೆ ಗ್ಲೌಸ್ ಹಾಕಿಕೊಂಡು, ಮುಚ್ಚಿದ ಸೀಸೆಗಳಲ್ಲಿ ಆ ಜೀವಿಯನ್ನು ನೋಡಿ ಅಭ್ಯಾಸವಾದವಳು. ಬಯಲಿನಲ್ಲಿ ನೋಡಿದ್ದು ಕಡಿಮೆ.

ಆರ್ಲೋ ಆಗ ದೋಣಿಕಟ್ಟೆಯ ಮರದ ಮೇಜಿನ ಮೇಲೆ ಪರ್ಚ್ ಮೀನು ಕೊಯ್ಯುತ್ತಿದ್ದ. ಅವಳನ್ನು ನೋಡಿ ಚಾಕು ಕೆಳಗಿಟ್ಟು ನಗುತ್ತ ಕೈ ಚಾಚಿದ.

“ಬನ್ನಿ ಮೇಡಂ. ನಾನು ಆರ್ಲೋ. ಈ ದೋಣಿಕಟ್ಟೆ ನಮ್ದೇ.”

ಕೈತುಂಬ ಮೀನಿನ ಹುರುಪೆ. ಹೆಬ್ಬೆರಳಿಗೆ ಮೀನಿನ ಕರುಳಿನ ಒಂದು ಚೂರು ಅಂಟಿಕೊಂಡಿತ್ತು. ಯೂನಿಸ್ ಅದನ್ನು ನೋಡಬಾರದಿತ್ತು. ನೋಡಿದಳು. ಮುಂದಿನದು ಬೂಟಿನ ಮೇಲಾಯಿತು.

“ಪರವಾಗಿಲ್ಲ ಬಿಡಿ, ಬೂಟು ಹಳೇದು,” ಎಂದ ಆರ್ಲೋ, ಕೈಯನ್ನು ಹಾಗೇ ಚಾಚಿಕೊಂಡು. “ಆದ್ರೆ ಕೈ ಕುಲುಕೋದು ಬಾಕಿ ಉಳೀತು.”

“ಬಾಕಿನೇ ಇರಲಿ,” ಎಂದಳು ಯೂನಿಸ್ ಬಾಯಿ ಒರೆಸಿಕೊಳ್ಳುತ್ತ.

ಹಿಂದೆ ಜಗಲಿಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ ಅವನ ಅಜ್ಜಿ ತಲೆಯೆತ್ತಿದಳು. ಅವಳಿಗೊಂದು ಹೆಸರಿದೆ, ಆದರೆ ಪೋಲಿಷ್ ಮನೆಗಳ ರೂಢಿಯಂತೆ ಊರಿಗೆಲ್ಲ ಅವಳು ಬೂಶಾ, ಅಂದರೆ ಅಜ್ಜಿ. “ಇವನನ್ನ ನೋಡಿ ಓಡಿಹೋದ ಹುಡುಗೀರು ಇದಾರೆ,” ಎಂದಳು ಬೂಶಾ. “ವಾಂತಿ ಮಾಡಿದ್ದು ನೀನೇ ಮೊದಲು ಕಣಮ್ಮ. ಬಾ, ಬಾಯಿ ತೊಳ್ಕೋ.”

ಯೂನಿಸ್‌ಳನ್ನು ಅಲ್ಲಿಗೆ ಕಳಿಸಿದವನು ಗ್ರೇಡನ್ ವಿಥರ್ಸ್, ಅವಳು ಕೆಲಸ ಮಾಡುವ ಸಣ್ಣ ಕಂಪನಿಯ ಯಜಮಾನ. ಅವನನ್ನು ನೋಡಿದರೆ ಈಗಷ್ಟೇ ಇಸ್ತ್ರಿಯಿಂದ ಇಳಿದು ಬಂದ ಹಾಗಿರುತ್ತಿತ್ತು. ಬಿಳಿ ಬೂಟು, ಪುದೀನ ವಾಸನೆಯ ಸೆಂಟು, ಯಾರ ಕೈ ಕುಲುಕಿದರೂ ಮರುಕ್ಷಣವೇ ಜೇಬಿನಿಂದ ಸ್ಯಾನಿಟೈಸರ್. ನಮ್ಮ ಯೂನಿಸ್‌ಗೆ ಅದೇ ಇಷ್ಟವಾಗಿತ್ತು ಎಂದರೆ ನೀವು ಅವಳ ಬುದ್ಧಿಗೆ ಮರುಗಬಹುದು. ಅವನು ಎರಡು ಸಲ ಊಟಕ್ಕೆ ಕರೆದಿದ್ದ. ಮೈ ನಾತ ಬಾರದ ಗಂಡಸು ಸಿಗುವುದೇ ಅಪರೂಪ, ಮೂರನೆಯ ಸಲ ಕರೆದರೆ ಹೂಂ ಎನ್ನೋಣ ಅಂದುಕೊಂಡಿದ್ದಳು.

ಗ್ರೇಡನ್‌ನ ಬಂಡವಾಳ ಒಂದು ಬಿಳಿ ಪುಡಿ. ಸತುವಿನ ಆಕ್ಸೈಡಿನ ನ್ಯಾನೊ ಕಣಗಳು, ಸೂಕ್ಷ್ಮದರ್ಶಕದಲ್ಲೂ ಸುಲಭಕ್ಕೆ ಕಾಣದಷ್ಟು ಸಣ್ಣವು. ನೀರಿಗೆ ಕಲಸಿದರೆ ಅವು ಹೋಗಿ ಆ ಹಸಿರು ಜೀವಕೋಶಗಳಿಗೆ ಮೆತ್ತಿಕೊಂಡು, ಗೋಡೆ ತೂತು ಮಾಡಿ ಸಾಯಿಸುತ್ತವೆ. ಲ್ಯಾಬಿನ ಗಾಜಿನ ತೊಟ್ಟಿಯಲ್ಲಿ ಗೆದ್ದಿತ್ತು. ಈಗ ನಿಜವಾದ ನೀರಿನಲ್ಲಿ ಗೆಲ್ಲಬೇಕು. ಆರ್ಲೋನ ದೋಣಿಕಟ್ಟೆಯ ಒಂದು ಮೂಲೆಯನ್ನು ತಳದವರೆಗೂ ದಪ್ಪ ಪ್ಲಾಸ್ಟಿಕ್ ಪರದೆ ಇಳಿಬಿಟ್ಟು ಬೇರೆ ಮಾಡಿ, ಅದರೊಳಗೆ ಪುಡಿ ಬಿಡುವುದೆಂದು ಮಾತಾಗಿತ್ತು.

ಆರ್ಲೋ ಒಪ್ಪಿದ್ದಕ್ಕೆ ಕಾರಣ ಕೇಳಬೇಕಿಲ್ಲ, ಕಟ್ಟೆಯ ಉದ್ದಕ್ಕೂ ಖಾಲಿ ಬಿದ್ದ ದೋಣಿ ಜಾಗಗಳೇ ಹೇಳುತ್ತಿದ್ದವು. ಈ ನಾತಕ್ಕೆ ಯಾರು ದೋಣಿ ಕಟ್ಟುತ್ತಾರೆ? ಇನ್ನೊಂದು ಬೇಸಿಗೆ ಹೀಗೇ ಹೋದರೆ ಕಟ್ಟೆ ಮಾರುವುದೊಂದೇ ದಾರಿ.

ಅಂತೂ ಯೂನಿಸ್ ದಿನವೂ ಬರತೊಡಗಿದಳು. ದಿನವೂ ಕಾರಿನ ಬಾಗಿಲು ತೆರೆಯುವಾಗ ಹೊಟ್ಟೆ ತೊಳಸುತ್ತಿತ್ತು. ಮೂರನೆಯ ದಿನ ಆರ್ಲೋ ಕಾರಿನ ಪಕ್ಕದಲ್ಲೇ ಕಾದಿದ್ದ. ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ.

“ಏನದು?” ಎಂದಳು ಅನುಮಾನದಿಂದ. “ಮೀನಾದ್ರೆ ವಾಪಸ್ ಹೋಗ್ತೀನಿ.”

ಒಂದು ಕಟ್ಟು ಸಬ್ಬಸಿಗೆ ಸೊಪ್ಪು. ಬೂಶಾ ಸೌತೆಕಾಯಿ ಉಪ್ಪಿನಕಾಯಿಗೆ ಬೆಳೆದದ್ದು. ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

“ಮೂಗಿಗೆ ಹಿಡ್ಕೊಳ್ಳಿ, ಡಾಕ್ಟ್ರಮ್ಮ. ಗುಲಾಬಿ ತರೋಣ ಅಂದ್ಕೊಂಡೆ, ಈ ನಾತದ ಮುಂದೆ ಅದು ಸೋತು ಹೋಗತ್ತೆ.”

“ಕೈ ತೊಳೆದು ಕಿತ್ರಾ?”

“ಸೋಪು ಹಾಕಿ. ಎರಡು ಸಲ. ಬೂಶಾ ಸಾಕ್ಷಿ.”

“ಸುಳ್ಳು!” ಎಂದಳು ಬೂಶಾ ಜಗಲಿಯಿಂದ. “ಒಂದೇ ಸಲ!”

ಯೂನಿಸ್ ಸೊಪ್ಪನ್ನು ಮೂಗಿಗೆ ಒತ್ತಿಕೊಂಡಳು. ಅದರ ಮೇಲಿನಿಂದ ಅವನ ಕಣ್ಣು ಕಂಡಿತು, ಬಿಸಿಲಿಗೆ ಕಿರಿದಾದ, ತುಂಟತನ ಬಚ್ಚಿಡಲು ಬಾರದ ಬೂದುಗಣ್ಣು. ಅವಳು ನೋಡುತ್ತಿರುವುದನ್ನು ಅವನೂ ಗಮನಿಸಿದ. ತಕ್ಷಣ ಇಬ್ಬರೂ ಆ ದರಿದ್ರ ನೀರಿನ ಕಡೆ ತಿರುಗಿ, ಅದರಲ್ಲೇನೋ ವಿಶೇಷವಿದೆ ಎನ್ನುವಂತೆ ನಿಂತರು. ಅಲ್ಲಿ ಒಂದು ಸತ್ತ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು.

ಕೆಲಸ ಸರಳವಾಗಿತ್ತು. ಪರದೆಯೊಳಗಿನ ನೀರನ್ನು ಸೀಸೆಯಲ್ಲಿ ತರುವುದು, ದೋಣಿಮನೆಯ ಮೂಲೆಯಲ್ಲಿಟ್ಟ ಪಂಪಿನಿಂದ ಬಿಲ್ಲೆಯಂಥ ಕಾಗದದ ಮೂಲಕ ಸೋಸುವುದು. ಹಸಿರೆಲ್ಲ ಬಿಲ್ಲೆಯ ಮೇಲೆ ಉಳಿಯುತ್ತದೆ. ಬಿಲ್ಲೆಯನ್ನು ಐಸ್ ಪೆಟ್ಟಿಗೆಗೆ ಹಾಕಿ ಲ್ಯಾಬಿಗೆ ಒಯ್ದು, ಅದರಲ್ಲಿ ವಿಷ ಎಷ್ಟಿದೆ ಎಂದು ಅಳೆಯುವುದು. ಕೆಳಗೆ ಇಳಿದ ನೀರನ್ನು ಸಿಂಕಿಗೆ ಚೆಲ್ಲುವುದು. ಬಿಲ್ಲೆ ಸಾಕು ಎಂದಿದ್ದ ಗ್ರೇಡನ್. ಯೂನಿಸ್‌ಗೂ ಅದೇ ಬೇಕಿತ್ತು. ಆ ನೀರನ್ನು ಕಂಡರೆ ಅವಳಿಗೆ ಎಷ್ಟು ಹೇಸಿಗೆಯೆಂದರೆ, ಮುಖ ಅತ್ತ ತಿರುಗಿಸಿ ಚೆಲ್ಲಿ, ಹತ್ತು ಸಲ ನಲ್ಲಿ ಬಿಡುತ್ತಿದ್ದಳು.

ಪುಡಿ ಬಿಟ್ಟ ಮೇಲೆ ಪರದೆಯೊಳಗೆ ಹಸಿರು ಮಾಸತೊಡಗಿತು. ಬಿಲ್ಲೆಗಳು ದಿನದಿಂದ ದಿನಕ್ಕೆ ಬೆಳ್ಳಗಾದವು, ಅವುಗಳಲ್ಲಿನ ವಿಷವೂ ಇಳಿಯಿತು. ವಾರ ಕಳೆಯುವುದರೊಳಗೆ ನೀರು ತಿಳಿಯಾಯಿತು. ಪರದೆಯ ಹೊರಗೆ ಅದೇ ಹೊಲಸು ಕೆನೆ, ಒಳಗೆ ಗಾಜಿನಂಥ ನೀರು. ನಾತವೂ ಇಲ್ಲ.

ಅವತ್ತು ಬೆಳಿಗ್ಗೆ ಆರ್ಲೋ ಹಲಗೆಯ ಮೇಲೆ ಬೋರಲು ಮಲಗಿಕೊಂಡು ನೀರೊಳಗೆ ಇಣುಕುತ್ತಿದ್ದ.

“ಡಾಕ್ಟ್ರಮ್ಮ, ಬನ್ನಿ ಇಲ್ಲಿ, ಬೇಗ! ಅಲ್ಲಿ ನೋಡಿ, ಕಂಬದ ಬುಡದಲ್ಲಿ.”

ತಳದಲ್ಲಿ ತುಕ್ಕು ಹಿಡಿದ ಒಂದು ಲಂಗರು ಬಿದ್ದಿತ್ತು.

“ನಮ್ಮಪ್ಪ ಬೀಳಿಸಿದ್ದು. ನಾನು ಆಗ ಮೊಣಕಾಲುದ್ದ ಇದ್ದೆ. ಹುಡುಕಿ ಹುಡುಕಿ ಬಿಟ್ಬಿಟ್ರು. ಇಷ್ಟು ವರ್ಷ ಇಲ್ಲೇ ಇತ್ತು ನೋಡಿ, ಕಾಲಡೀಲೇ.” ಅವನು ಎದ್ದು ಕೂತ. “ನಿಮಗೆ ಏನು ಕೊಡ್ಲಿ ಹೇಳಿ. ಮೀನು ಬಿಟ್ಟು.”

“ಏನೂ ಬೇಡ,” ಎಂದಳು ಯೂನಿಸ್. ಎದೆಯೊಳಗೆ ಏನೋ ಸಿಹಿಯಾಗಿ ಕಲಕಿತು. ಹೊಟ್ಟೆ ತೊಳಸುವುದಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಾಗಲು ಅವಳಿಗೆ ಒಂದು ಕ್ಷಣ ಹಿಡಿಯಿತು.

“ಹಾಗಾದ್ರೆ ನೀವೇ ನನಗೊಂದು ಕೊಡಿ. ಈ ನೀರು ಒಂದು ಬಾಟಲಿ. ಚೆನ್ನಾಗಿ ಸೋಸಿ. ಅಂಗಡಿ ಕಟ್ಟೆ ಮೇಲೆ ಇಡ್ತೀನಿ, ಬಂದೋರಿಗೆಲ್ಲ ತೋರಿಸೋಕೆ. ಇದು ನಮ್ಮ ಡಾಕ್ಟ್ರಮ್ಮ ಮಾಡಿದ ನೀರು ಅಂತ.”

‘ನಮ್ಮ’ ಎಂದದ್ದು ಇಬ್ಬರಿಗೂ ಕೇಳಿಸಿತು. ಇಬ್ಬರೂ ಕೇಳಿಸದವರಂತೆ ಲಂಗರು ನೋಡಿದರು.

ಗ್ರೇಡನ್ ಬಿಡುವವನೇ? ಶುಕ್ರವಾರ ಸಂಜೆ ದೋಣಿಕಟ್ಟೆಯಲ್ಲಿ ಬೂಶಾಳ ಮೀನು ಕರಿಯುವ ಊಟ, ಊರಿಗೆ ಊರೇ ಸೇರುತ್ತದೆ. ಎಲ್ಲರೆದುರು ಆರ್ಲೋ ಆ ತಿಳಿನೀರಿಗೆ ಹಾರುವುದು, ತಾನು ವಿಡಿಯೊ ಮಾಡಿ ಸರೋವರದ ಸುತ್ತಲಿನ ದೋಣಿಕಟ್ಟೆಗಳಿಗೆಲ್ಲ ಕಳಿಸುವುದು ಎಂದು ಯೋಜನೆ ಹಾಕಿದ. ಆರ್ಲೋ ಹಿರಿಹಿರಿ ಹಿಗ್ಗಿದ. ಆ ನೀರಿಗೆ ಕಾಲಿಟ್ಟು ಅವನಿಗೆ ಎಷ್ಟೋ ಬೇಸಿಗೆಗಳಾಗಿದ್ದವು.

ಶುಕ್ರವಾರ ಮಧ್ಯಾಹ್ನ ಯೂನಿಸ್ ಲ್ಯಾಬಿನಲ್ಲಿ ಬಾಟಲಿ ಸಿದ್ಧಪಡಿಸುತ್ತಿದ್ದಳು. ಹಿಂದಿನ ದಿನ ತಂದ ನೀರನ್ನು ಸೋಸಿ, ಮೊಟ್ಟಮೊದಲ ಬಾರಿಗೆ, ಕೆಳಗಿಳಿದ ನೀರನ್ನು ಚೆಲ್ಲದೆ ಉಳಿಸಿಕೊಂಡಳು. ಚಂದದ ಗಾಜಿನ ಬಾಟಲಿಗೆ ತುಂಬಿದಳು. ಕತ್ತಿಗೆ ನೀಲಿ ರಿಬ್ಬನ್ ಕಟ್ಟಿದಳು. ಆಮೇಲೆ, ಆರ್ಲೋ ಅದನ್ನು ಅಂಗಡಿಯ ತಿನ್ನುವ ಪದಾರ್ಥಗಳ ನಡುವೆ ಇಡುತ್ತಾನಲ್ಲ, ಒಂದು ಸಲ ನೋಡಿಬಿಡೋಣ ಎಂದು ವಿಷ ಅಳೆಯುವ ಕಾಗದದ ಪಟ್ಟಿಯೊಂದನ್ನು ಅದಕ್ಕೆ ಅದ್ದಿದಳು.

ಆ ಪಟ್ಟಿಯ ರೀತಿ ತಿರುಗುಮುರುಗು. ವಿಷ ಇಲ್ಲದಿದ್ದರೆ ಗೆರೆ ಗಾಢವಾಗಿ ಮೂಡುತ್ತದೆ, ವಿಷ ಹೆಚ್ಚಿದಷ್ಟೂ ಮಾಸುತ್ತದೆ. ಅವಳು ಕಾದಳು. ಗೆರೆಯೇ ಮೂಡಲಿಲ್ಲ.

ಪಟ್ಟಿ ಕೆಟ್ಟಿರಬೇಕು ಎಂದು ಇನ್ನೊಂದು ಅದ್ದಿದಳು. ಅದರಲ್ಲೂ ಇಲ್ಲ. ಹೋಲಿಸಲೆಂದು ತಂದಿಟ್ಟಿದ್ದ, ಪರದೆಯ ಹೊರಗಿನ ಹಸಿರು ಹೊಲಸನ್ನು ಸೋಸಿ, ಆ ನೀರಿಗೆ ಅದ್ದಿದಳು. ಅದರಲ್ಲಿ ಗೆರೆ ಚೆನ್ನಾಗೇ ಕಾಣಿಸಿತು.

ಇಷ್ಟು ಸರಳವಾದದ್ದು ಹೊಳೆಯಲಿಲ್ಲವಲ್ಲ! ಜೀವಕೋಶ ಬದುಕಿದ್ದಾಗ ವಿಷ ಅದರ ಒಡಲಲ್ಲಿತ್ತು. ಪುಡಿ ಅದರ ಗೋಡೆ ಒಡೆಯಿತು, ವಿಷವೆಲ್ಲ ನೀರಿಗೆ ಸುರಿಯಿತು. ಬಿಲ್ಲೆಯಲ್ಲಿ ವಿಷ ಇಳಿದದ್ದು ನಿಜ. ಅದು ಹೋಗಿ ಸೇರಿದ್ದು ಅವಳು ದಿನಾ ಮುಖ ತಿರುಗಿಸಿ ಚೆಲ್ಲಿದ ನೀರಿಗೆ. ಹಸಿರಾಗಿ ನಾರುತ್ತಿದ್ದಾಗ ಅದನ್ನು ನಾಯಿಗೂ ಕುಡಿಯಲು ಬಿಡುತ್ತಿರಲಿಲ್ಲ ಜನ. ಆ ನಾತವೇ ಕಾವಲಿಗಿತ್ತು. ಅವಳು ಕಾವಲುಗಾರನನ್ನು ಕೊಂದು ಕಳ್ಳನನ್ನು ಮನೆಯೊಳಗೆ ಬಿಟ್ಟಿದ್ದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಚಿಕ್ಕ ಮಕ್ಕಳಿಗೂ ಗೊತ್ತು.

ಆರ್ಲೋಗೆ ಫೋನ್ ಮಾಡಿದಳು. ಎತ್ತಲಿಲ್ಲ. ಗ್ರೇಡನ್ ಎತ್ತಿದ. ಅವನಾಗಲೇ ದೋಣಿಕಟ್ಟೆಯಲ್ಲಿದ್ದ.

“ನೀರಲ್ಲಿ ವಿಷ ಇದೆ, ಗ್ರೇಡನ್. ಅವನನ್ನ ಇಳಿಸಬೇಡಿ.”

“ನೀರನ್ನ ಅಳೀರಿ ಅಂತ ನಿಮಗೆ ಯಾರು ಹೇಳಿದ್ರು?”

ಆ ಪ್ರಶ್ನೆ ಕೇಳಿ ಅವಳ ಮೈಮೇಲೆ ಹುಳ ಹರಿದಂತಾಯಿತು. “ನಿಮಗೆ ಮೊದಲೇ ಗೊತ್ತಿತ್ತಾ?”

“ಹೀಗೂ ಆಗಬಹುದು ಅಂತ ಎಲ್ಲರಿಗೂ ಗೊತ್ತು. ಕೆಲವು ವಾರದಲ್ಲಿ ಅದೂ ತಾನಾಗೇ ಹೋಗತ್ತೆ. ಒಂದು ಸಲ ಮುಳುಗಿ ಎದ್ರೆ ಯಾರೂ ಸಾಯಲ್ಲ. ಜನ ಕಣ್ಣಿಂದ ನೋಡ್ತಾರೆ ಯೂನಿಸ್, ಪಟ್ಟಿಯಿಂದಲ್ಲ. ಅಂದ ಹಾಗೆ, ನಾಳೆ ಊಟಕ್ಕೆ ಸಿಗ್ತೀರಾ?”

ಮೇಲೆ ಥಳುಕು ಒಳಗೆ ಹುಳುಕು ಎನ್ನುತ್ತಾರಲ್ಲ, ಆ ಹುಳುಕನ್ನು ಯೂನಿಸ್ ಅಂದು ಕಿವಿಯಾರೆ ಕೇಳಿದಳು. ಆ ಹಸಿರು ಕೆನೆ, ಕರುಳಿನ ಚೂರು, ಸತ್ತ ಮೀನು ಯಾವುದೂ ಅವಳಿಗೆ ಇಷ್ಟು ವಾಕರಿಕೆ ತಂದಿರಲಿಲ್ಲ. ಬಾಟಲಿಯನ್ನು ಎತ್ತಿಕೊಂಡು ಕಾರಿಗೆ ಓಡಿದಳು.

ದಾರಿಯುದ್ದಕ್ಕೂ ಒಂದೇ ಯೋಚನೆ ತಿನ್ನುತ್ತಿತ್ತು. ಹೇಳಿದರೆ ಆರ್ಲೋನ ಕೊನೆಯ ಆಸೆ ಮುರಿಯುತ್ತದೆ, ಅದೂ ಊರೆಲ್ಲ ನೋಡುವಾಗ. ಮುರಿದವಳನ್ನು ಅವನು ಮತ್ತೆ ‘ನಮ್ಮ’ ಎನ್ನುವನೇ? ಹೇಳದಿದ್ದರೆ ಅವನು ಆ ನೀರನ್ನು ಗುಟುಕು ಗುಟುಕಾಗಿ ನುಂಗುತ್ತಾನೆ. ನಗುತ್ತ ಬಾಯಿ ತೆರೆದುಕೊಂಡೇ ಹಾರುವ ಜಾತಿ ಅವನು.

ಅವಳು ತಲುಪಿದಾಗ ದೋಣಿಕಟ್ಟೆಯ ತುಂಬ ಜನ. ಕಾಗದದ ತಟ್ಟೆಗಳಲ್ಲಿ ಕರಿದ ಪರ್ಚ್, ಎಲೆಕೋಸಿನ ಪಲ್ಯ, ಕೈಯಲ್ಲಿ ಬಿಯರ್. ಹಲಗೆಯ ತುದಿಯಲ್ಲಿ ಆರ್ಲೋ ಕೆಂಪು ಚಡ್ಡಿಯಲ್ಲಿ ನಿಂತಿದ್ದ. ಕತ್ತು ತೋಳು ಬಿಸಿಲಿಗೆ ಸುಟ್ಟು ಕಂದು, ಹೊಟ್ಟೆ ಮಾತ್ರ ಹಿಟ್ಟಿನಷ್ಟು ಬಿಳಿ. ಗ್ರೇಡನ್ ಫೋನ್ ಎತ್ತಿ ಹಿಡಿದಿದ್ದ.

“ಆರ್ಲೋ! ಹಾರಬೇಡ ಕಣೋ!”

ಅವಳು ‘ಕಣೋ’ ಎಂದದ್ದು ಮೊದಲ ಸಲ. ಆರ್ಲೋ ತಿರುಗಿ ಹಲ್ಲು ಕಿರಿದ. “ಏನು ಡಾಕ್ಟ್ರಮ್ಮ, ಸ್ನಾನ ಮಾಡೋಕೆ ಹೊರಟ್ರೂ ಹೇಸಿಗೆನಾ?”

ಜನ ಗೊಳ್ಳೆಂದು ನಕ್ಕರು. ಯೂನಿಸ್ ನಗಲಿಲ್ಲ. ಹಲಗೆಯ ಮೇಲೆ ಓಡಿ ಬಂದು ಏದುಸಿರು ಬಿಡುತ್ತ ಅವನೆದುರು ನಿಂತಳು.

“ನೀರಲ್ಲಿ ವಿಷ ಇದೆ. ಮೊದಲು ಅದು ಹಸಿರಿನ ಒಳಗಿತ್ತು, ಈಗ ನೀರಲ್ಲಿ ಕರಗಿದೆ. ಹೊರಗಿನ ಹೊಲಸು ನೀರನ್ನ ಸೋಸಿದ್ರೂ ಇಷ್ಟಿಲ್ಲ. ತಪ್ಪು ನಂದು. ಸೋಸಿದ ನೀರನ್ನ ನೋಡದೆ ದಿನಾ ಚೆಲ್ಲಿದವಳು ನಾನೇ.”

ನಗು ನಿಂತಿತು. ಗ್ರೇಡನ್ ಫೋನ್ ಇಳಿಸಿ ಮುಂದೆ ಬಂದ. “ಯೂನಿಸ್‌ಗೆ ಸುಸ್ತಾಗಿದೆ, ಅಷ್ಟೇ. ಯಾವುದೋ ಪಟ್ಟಿ ನೋಡಿ ಗಾಬರಿಯಾಗಿದಾರೆ. ನೀವೇ ನೋಡಿ, ತಳ ಕಾಣ್ತಿದೆ. ಇದಕ್ಕಿಂತ ಸಾಕ್ಷಿ ಬೇಕಾ?”

ಆರ್ಲೋ ನೀರು ನೋಡಿದ. ಕಂಬದ ಬುಡದಲ್ಲಿ ಅಪ್ಪನ ಲಂಗರು. ಅವನ ಮುಖದಲ್ಲಿ ಗ್ರೇಡನ್‌ನನ್ನು ನಂಬುವ ಆಸೆ ಎಷ್ಟು ದೊಡ್ಡದಾಗಿತ್ತೆಂದರೆ ಯೂನಿಸ್‌ಗೆ ನೋಡಲಾಗಲಿಲ್ಲ.

“ಖಾತ್ರಿನಾ?” ಎಂದು ಕೇಳಿದ ಅವಳನ್ನು, ಮೆಲ್ಲಗೆ.

“ಖಾತ್ರಿ.”

ಅವನು ಗ್ರೇಡನ್‌ನ ಕಡೆ ತಿರುಗಿ, ಸಂಜೆಯೆಲ್ಲ ಮೀನು ಕೊಯ್ದ ತನ್ನ ಕೈಯಿಂದ ಅವನ ಕೈಯನ್ನು ಗಟ್ಟಿಯಾಗಿ ಹಿಡಿದ.

“ಬನ್ನಿ ಸಾರ್. ತಳ ಕಾಣ್ತಿದೆ ಅಂದ್ರಲ್ಲ. ಇಬ್ಬರೂ ಒಟ್ಟಿಗೆ ಹಾರೋಣ. ವಿಡಿಯೊ ಬೂಶಾ ಮಾಡ್ತಾಳೆ.”

ಗ್ರೇಡನ್ ಕೈ ಕಿತ್ತುಕೊಂಡ. ಬಿಳಿ ಬೂಟು ತಾನಾಗಿ ಎರಡು ಹೆಜ್ಜೆ ಹಿಂದೆ ಸರಿಯಿತು. ಮುಖ ಹುಳಿ ತಿಂದವನಂತಾಗಿತ್ತು. ಹೇಸಿದ್ದು ಕೈಗೋ ನೀರಿಗೋ ಎಂದು ಹೇಳುವುದು ಕಷ್ಟ, ಆದರೆ ಅವನು ಹಾರುವುದಿಲ್ಲ ಎಂದು ಕಟ್ಟೆಯ ಮೇಲಿದ್ದ ಎಲ್ಲರಿಗೂ ಅರ್ಥವಾಯಿತು. ಜೇಬಿನಿಂದ ಸ್ಯಾನಿಟೈಸರ್ ತೆಗೆದು ಕೈ ಉಜ್ಜಿಕೊಳ್ಳುತ್ತ, “ಸೋಮವಾರದಿಂದ ಲ್ಯಾಬಿಗೆ ಬರೋದು ಬೇಡ, ಯೂನಿಸ್,” ಎಂದು ಹೇಳಿ ಕಾರಿನತ್ತ ನಡೆದ.

ಮೊದಲು ಮಾತಾಡಿದವಳು ಬೂಶಾ. “ಏ ಮಗಾ, ಬಟ್ಟೆ ಹಾಕ್ಕೋ. ಹೊಟ್ಟೆ ಎಲ್ಲರೂ ನೋಡಿ ಆಯ್ತು.” ಆಮೇಲೆ ಯೂನಿಸ್‌ಳ ಕೈಯಲ್ಲಿದ್ದ ಬಾಟಲಿ ನೋಡಿದಳು. “ಅದೇನಮ್ಮ, ರಿಬ್ಬನ್ ಕಟ್ಟಿದೀಯಾ?”

“ಅದೇ ನೀರು,” ಎಂದಳು ಯೂನಿಸ್. ಕೆನ್ನೆ ಕೆಂಪೇರಿತು. “ಆರ್ಲೋಗೆ ಅಂತ ತುಂಬಿದ್ದೆ. ಹಾಗೇ ಗೊತ್ತಾಗಿದ್ದು.”

“ನಮ್ಮ ಕಾಲದಲ್ಲಿ ಹುಡುಗೀರು ಕೇಕ್ ತರ್ತಿದ್ರು,” ಎಂದು ಬೂಶಾ ನಿಟ್ಟುಸಿರುಬಿಟ್ಟು ಒಲೆಯ ಕಡೆ ಹೋದಳು.

ಆರ್ಲೋ ಅಂಗಿ, ಬೂಟು ಹಾಕಿಕೊಂಡು, ಪರದೆಯ ಸುತ್ತ ಹಗ್ಗ ಕಟ್ಟಿದ. ‘ಯಾರೂ ಇಳಿಯಬೇಡಿ’ ಎಂದು ಹಲಗೆಯ ಮೇಲೆ ದಪ್ಪಗೆ ಬರೆದು ನೇತುಹಾಕಿದ. ಯೂನಿಸ್‌ಳ ಜೊತೆ ಒಂದು ಮಾತೂ ಆಡಲಿಲ್ಲ. ಜನ ತಟ್ಟೆ ಖಾಲಿ ಮಾಡಿಕೊಂಡು ತಮ್ಮ ಪಾಡಿಗೆ ಹೊರಟರು. ಅವನು ಹೋಗಿ ಉಳಿದ ಮೀನುಗಳ ಬುಟ್ಟಿಯನ್ನು ಮರದ ಮೇಜಿನ ಮೇಲೆ ಸುರಿದುಕೊಂಡು ಚಾಕು ಹಿಡಿದ.

ಯೂನಿಸ್ ಹೊರಡಬಹುದಿತ್ತು. ಕಾರಿನ ಬೀಗದ ಕೈ ಕೈಯಲ್ಲೇ ಇತ್ತು. ಅವಳು ಅದನ್ನು ಜೇಬಿಗೆ ಹಾಕಿಕೊಂಡು, ತೋಳು ಮಡಿಸಿ, ಮೇಜಿನ ಆಚೆ ನಿಂತು ಇನ್ನೊಂದು ಚಾಕು ಎತ್ತಿಕೊಂಡಳು. ಒಂದು ಮೀನು ಹಿಡಿದಳು. ಜಾರಿತು. ಮತ್ತೆ ಹಿಡಿದಳು. ಹೊಟ್ಟೆ ಸೀಳಿ ಬೆರಳು ಒಳಗೆ ಹಾಕಿದಾಗ ಗಂಟಲಿಗೆ ಕಹಿ ನೀರು ಬಂತು. ನುಂಗಿಕೊಂಡಳು. ಥೂ, ಎಂಥ ಮೆತ್ತಗೆ, ಎಂಥ ತಣ್ಣಗೆ, ಎಂಥ ಹೊಲಸು! ಕರುಳು ಎಳೆದು ಬಕೆಟ್ಟಿಗೆ ಹಾಕಿ ಇನ್ನೊಂದು ಮೀನು ತೆಗೆದುಕೊಂಡಳು.

ಆರ್ಲೋ ಕೈ ನಿಲ್ಲಿಸಿ ನೋಡುತ್ತಿದ್ದ.

“ಗ್ಲೌಸ್ ಎಲ್ಲಿ?” ಎಂದ ಕೊನೆಗೆ.

“ಲ್ಯಾಬಲ್ಲೇ ಉಳೀತು. ಕೆಲಸದ ಜೊತೆ.” ಅವಳು ತಲೆಯೆತ್ತಲಿಲ್ಲ. “ಕೋಪಾನಾ?”

“ನಿನ್ನ ಮೇಲಲ್ಲ.” ಅವನು ಚಾಕು ಕೆಳಗಿಟ್ಟ. “ದಿನಾ ಬೆಳಿಗ್ಗೆ ಎದ್ದು ಆ ಲಂಗರು ನೋಡೋಕೆ ಓಡ್ತಿದ್ದೆ, ಮಗು ಥರ. ಆ ಬೇಜಾರು. ನಾಳೆ ಹೇಳಬಹುದಿತ್ತಲ್ಲ ಅಂತ ಒಂದು ಸಲ ಅನ್ನಿಸ್ತು. ಆಮೇಲೆ ನನಗೇ ನಗು ಬಂತು. ನಾಳೆ ಹೇಳಿದ್ರೆ ಆಸ್ಪತ್ರೇಲಿ ಹೇಳ್ಬೇಕಿತ್ತು.”

“ಕಟ್ಟೆ ಮಾರ್ತೀಯಾ?”

“ಗೊತ್ತಿಲ್ಲ. ಚಳಿ ಬಂದ್ರೆ ಹಸಿರು ಹೋಗತ್ತೆ. ಬೇಸಿಗೆಗೆ ಮತ್ತೆ ಬರತ್ತೆ, ಮತ್ತೆ ನಾರತ್ತೆ. ನಾರೋ ಜಾಗಕ್ಕೆ ಯಾರು ಬರ್ತಾರೆ ಹೇಳು?”

“ನಾನು ಬರ್ತೀನಿ,” ಎಂದಳು ಯೂನಿಸ್. “ಈ ನೀರನ್ನ ಸರಿಯಾಗಿ ಅಳೆಯೋರು ಯಾರಾದ್ರೂ ಬೇಕಲ್ಲ. ಈ ಸಲ ಏನೂ ಚೆಲ್ಲಲ್ಲ. ದಿನಾ ಬರ್ತೀನಿ. ದಿನಾ ವಾಂತಿನೂ ಮಾಡ್ತೀನೇನೋ. ಆದ್ರೆ ಬರದೆ ಇರೋಕೆ ನನ್ನಿಂದ ಆಗಲ್ಲ.” ಅವಳ ಮೂಗಿನ ತುದಿಗೆ ಒಂದು ಹುರುಪೆ ಅಂಟಿತ್ತು. ಕಣ್ಣಲ್ಲಿ ನೀರಿತ್ತು, ಅದು ನಾತಕ್ಕೆ ಬಂದದ್ದಲ್ಲ. “ನಿನ್ನನ್ನ ಕಂಡ್ರೆ ನನಗೆ ಇಷ್ಟ ಕಣೋ. ನೀನು ಸಿಕ್ಕಾಪಟ್ಟೆ ನಾರ್ತೀಯಾ. ಆದ್ರೂ ಇಷ್ಟ.”

ಆರ್ಲೋ ಮೇಜು ಬಳಸಿಕೊಂಡು ಅವಳ ಹತ್ತಿರ ಬಂದ. ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕಿದ. ಸಿಗಲಿಲ್ಲ.

“ನನಗೆ ನೀನು ಇಷ್ಟ ಆಗಿದ್ದು ಮೊದಲನೇ ದಿನಾನೇ,” ಎಂದ. “ಎಷ್ಟೋ ಜನ ಮೂಗು ಮುಚ್ಕೊಂಡು, ಜಾಗ ಚೆನ್ನಾಗಿದೆ ಅಂತ ಸುಳ್ಳು ಹೇಳಿ ಹೋದ್ರು. ನೀನೊಬ್ಬಳೇ ಇದ್ದಿದ್ದನ್ನ ಇದ್ದ ಹಾಗೆ ಹೇಳಿದ್ದು.”

“ನಾನು ಏನೂ ಹೇಳ್ಲಿಲ್ಲ. ವಾಂತಿ ಮಾಡ್ದೆ.”

“ಅದೇ.”

ಅವನು ಹುರುಪೆ ತುಂಬಿದ ಕೈಯನ್ನು ಮೊದಲ ದಿನದಂತೆಯೇ ಮುಂದೆ ಚಾಚಿದ. ಹೆಬ್ಬೆರಳಿಗೆ ಕರುಳಿನ ಒಂದು ಚೂರು ಅಂಟಿಕೊಂಡಿತ್ತು. ಯೂನಿಸ್ ಅದನ್ನು ನೋಡಿದಳು. ಹೊಟ್ಟೆ ತೊಳಸಿತು. ಅಷ್ಟೇ ಹೊಲಸಾದ ತನ್ನ ಕೈಯಿಂದ ಆ ಕೈಯನ್ನು ಹಿಡಿದಳು, ಕುಲುಕಿದಳು, ಬಿಡಲಿಲ್ಲ. ಅವನು ಬಗ್ಗಿ ಅವಳ ಹಣೆಗೆ ಹಣೆ ತಾಗಿಸಿದ. ಹತ್ತಿರದಿಂದ ಅವನು ಇನ್ನೂ ಹೆಚ್ಚು ನಾರುತ್ತಿದ್ದ. ಅವಳು ಕಣ್ಣು ಮುಚ್ಚಿ ಮುಖವನ್ನು ಇನ್ನಷ್ಟು ಹತ್ತಿರ ತಂದಳು.

ಜಗಲಿಯಿಂದ ಬೂಶಾಳ ದನಿ ಕೇಳಿಸಿತು.

“ಮಗಾ, ಬೂಟು ಬಿಚ್ಚಿ ದೂರ ಇಡೋ! ಹೊಸದು ಅದು!”